ಗೆರೆಯ ಕೆಳತುದಿ

“ಬುದ್ಧೀ, ಏನೂ ಉಳಿಯದ ಕಡೆ ದಿನಾ ಸುರಿಯುತ್ತಾ ಹೋಗುವುದು ಸೇವೆಯೋ, ದಡ್ಡತನವೋ?”

ಗುರುಮಲ್ಲು ಇಷ್ಟು ಕೇಳಿ ನಿಂತ. ಕೂರಲಿಲ್ಲ. ಗಂಜಿಯ ಬಟ್ಟಲು ಇನ್ನೂ ಕೈಯಲ್ಲೇ ಇತ್ತು. ಅರ್ಧ ಗಂಜಿ ಹಾಗೇ ಉಳಿದು ಮೇಲೆ ಕೆನೆಗಟ್ಟಿತ್ತು.

ಮಠದ ಹಿರಿಯ ಸ್ವಾಮಿಗಳು ಜಗಲಿಯ ಮೇಲೆ ಕೂತು ಹತ್ತಿಯಿಂದ ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ.

“ಚಿಕ್ಕತಾಯಮ್ಮನ ವಿಷಯವೇನಪ್ಪ?”

“ಹೌದು ಬುದ್ಧಿ.”

ಚಿಕ್ಕತಾಯಮ್ಮ ಮಠದ ದಾಸೋಹದ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದವಳು. ಈಗ ಉಗ್ರಾಣದ ಹಿಂದಿನ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದಳು. ಮರೆವು ಬಂದು ಮೊದಲು ಊರುಗಳ ಹೆಸರು ಹೋದವು, ಆಮೇಲೆ ಮನುಷ್ಯರ ಹೆಸರು. ಆಕೆಗೆ ಉಣ್ಣಿಸುವುದು, ಮೈ ಒರೆಸುವುದು, ಮಗ್ಗುಲು ಬದಲಿಸುವುದು ಗುರುಮಲ್ಲುವಿನ ಕೆಲಸ. ಯಾರೂ ಹೊರಿಸಿದ್ದಲ್ಲ. ಬಿ.ಎಸ್ಸಿ. ಮುಗಿಸಿ ಮಠಕ್ಕೆ ಬಂದ ಹೊಸದರಲ್ಲಿ, “ಇದು ನನಗಿರಲಿ ಬುದ್ಧಿ” ಎಂದು ತಾನೇ ಕೇಳಿ ಪಡೆದದ್ದು. ಆಗ ಹುರುಪಿತ್ತು. ಈಗ ಬೆಳಿಗ್ಗೆ ಆ ಬಾಗಿಲು ತಳ್ಳುವಾಗ ಕೈಯೇ ಮೇಲೇಳುತ್ತಿರಲಿಲ್ಲ.

ಬಾಗಿಲು ತೆರೆದ ಕೂಡಲೇ ಆಕೆ ಕೇಳುತ್ತಿದ್ದಳು.

“ಯಾರಪ್ಪ ನೀನು?”

“ಗುರುಮಲ್ಲು, ಅಮ್ಮ.”

“ಯಾವೂರು?”

“ಹಂಗಳ.”

“ಉಂಡ್ಯಾ?”

“ಆಯ್ತಮ್ಮ. ಬಾಯಿ ತೆಗೀರಿ.”

ಆಮೇಲೆ ಆಕೆ ಏನೋ ಹೇಳುತ್ತಾ ಹೋಗುತ್ತಿದ್ದಳು. ಗುರುಮಲ್ಲು ಮಡಿಲಲ್ಲಿ ಪುಸ್ತಕ ತೆರೆದಿಟ್ಟುಕೊಂಡು, ಹ್ಞೂಂ ಹ್ಞೂಂ ಎನ್ನುತ್ತಾ, ಮಾತಿನ ನಡುವೆ ಬಾಯಿ ತೆರೆದಾಗ ಚಮಚ ಇಡುತ್ತಿದ್ದ. ಮರುದಿನ ಮತ್ತೆ ಅದೇ. ಯಾರಪ್ಪ ನೀನು?

ಬೇರೆ ಊರಿನಲ್ಲಿದ್ದ ಮಠದ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರ ಜಾಗ ಖಾಲಿಯಾಗಿತ್ತು. ಬರುತ್ತೇನೆ ಎಂದರೆ ಅದು ಅವನಿಗೇ. ಮಧ್ಯಾಹ್ನದ ಬಸ್ಸಿಗೆ ಶಾಲೆಯವರು ಬರುವವರಿದ್ದರು. ಅಷ್ಟರಲ್ಲಿ ಹೋಗುವುದೋ ಇರುವುದೋ ತೀರ್ಮಾನಿಸಿಕೊಳ್ಳಬೇಕಿತ್ತು. ಅವನು ಹೊರಟರೆ ಚಿಕ್ಕತಾಯಮ್ಮನನ್ನು ನೋಡಿಕೊಳ್ಳಲು ಊರಿನಿಂದ ಯಾರನ್ನಾದರೂ ಗೊತ್ತುಮಾಡಬೇಕು. ಮಾಡಬಹುದು. ಅದೇನೂ ದೊಡ್ಡದಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ.

“ಹೇಳಿದ್ದು ನಿಲ್ಲುವುದಿಲ್ಲ ಬುದ್ಧಿ, ಮಾಡಿದ್ದೂ ನಿಲ್ಲುವುದಿಲ್ಲ. ಶಾಲೆಯಲ್ಲಾದರೆ ಹತ್ತು ಮಾತು ಹೇಳಿದರೆ ಒಂದಾದರೂ ಮಕ್ಕಳ ತಲೆಯಲ್ಲಿ ಉಳಿಯುತ್ತದೆ. ಇಲ್ಲಿ ಸೊನ್ನೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ ಅಲ್ಲವೇ? ನನಗೆ ಸಾಕಾಗಿದೆ.”

“ಗುಣಾಕಾರ ಸರಿಯಾಗಿದೆ,” ಎಂದರು ಸ್ವಾಮಿಗಳು. “ಬಟ್ಟಲು ಕೆಳಗಿಟ್ಟು ಕೂತುಕೋ. ನೀನು ವಿಜ್ಞಾನ ಓದಿದವನು. ರೈತನ ಕತೆ ಹೇಳಿದರೆ ಮೂಗು ಮುರಿಯುತ್ತೀಯೆ. ಫೋಟೋ ಫಿಲ್ಮಿನ ಕತೆ ಹೇಳುತ್ತೇನೆ.”

ಪೂರ್ವಾಶ್ರಮದಲ್ಲಿ ಸ್ವಾಮಿಗಳು ಭೌತಶಾಸ್ತ್ರ ಕಲಿಸುತ್ತಿದ್ದವರು. ಆ ಕಾಲದ ಮಾತು ಅವರ ಬಾಯಲ್ಲಿ ಬರುವುದು ಅಪರೂಪ. ಗುರುಮಲ್ಲು ಕೂತ.

ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಫಿಲ್ಮು ಮಾಡುವ ಕಾರ್ಖಾನೆ ಇತ್ತು. ಅಲ್ಲಿ ಒಬ್ಬ ಗಣಿತಜ್ಞ ಕೆಲಸಕ್ಕಿದ್ದ. ಬೆಳಕು ಬಿದ್ದ ಕಡೆ ಫಿಲ್ಮು, ತೊಳೆದ ಮೇಲೆ, ಕಪ್ಪಾಗುತ್ತದೆ. ಇಷ್ಟು ಬೆಳಕಿಗೆ ಇಷ್ಟು ಕಪ್ಪು ಎಂದು ಮೊದಲೇ ಹೇಳುವ ಒಂದು ಸೂತ್ರ ಬೇಕಿತ್ತು. ಅದನ್ನು ಕಟ್ಟುವುದು ಅವನ ಕೆಲಸ.

ಅವನು ಒಂದು ಪಟ್ಟಿ ಫಿಲ್ಮು ತೆಗೆದುಕೊಂಡ. ಅದನ್ನು ಸಣ್ಣ ಸಣ್ಣ ಚೌಕದ ಮನೆಗಳಾಗಿ ವಿಂಗಡಿಸಿದ. ಮೊದಲ ಮನೆಗೆ ಒಂದು ಪಾಲು ಬೆಳಕು ಕೊಟ್ಟ. ಮುಂದಿನದಕ್ಕೆ ಅದರ ಎರಡರಷ್ಟು. ಅದರ ಮುಂದಿನದಕ್ಕೆ ಅದರ ಎರಡರಷ್ಟು. ಹೀಗೇ ಕೊನೆಯವರೆಗೆ. ತೊಳೆದು, ಒಣಗಿಸಿ, ಪ್ರತಿ ಮನೆಯ ಕಪ್ಪನ್ನು ಅಳೆದು, ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟ. ಚುಕ್ಕಿಗಳನ್ನು ಸೇರಿಸಿದ.

ನಡುವೆ ಗೆರೆ ನೇರವಾಗಿ ಬಂತು. ಬೆಳಕು ಎರಡು ಪಟ್ಟಾದಾಗಲೆಲ್ಲ ಕಪ್ಪು ಒಂದೇ ಅಳತೆಯಲ್ಲಿ ಏರುತ್ತಿತ್ತು. ಮೇಲ್ತುದಿಯಲ್ಲಿ ಗೆರೆ ಬಾಗಿತು. ಅಲ್ಲಿ ಫಿಲ್ಮಿಗೆ ಹೊಟ್ಟೆ ತುಂಬಿತ್ತು. ಇನ್ನೆಷ್ಟು ಬೆಳಕು ಕೊಟ್ಟರೂ ಕಪ್ಪು ಹೆಚ್ಚಲಿಲ್ಲ. ಕೆಳತುದಿಯಲ್ಲಿ ಗೆರೆ ನೆಲಕ್ಕಂಟಿ ಮಲಗಿತ್ತು. ಅಲ್ಲಿ ಬೆಳಕು ಬಿದ್ದಿತ್ತು, ಗುರುತು ಇರಲಿಲ್ಲ.

ನಡುವಿನ ನೇರ ಗೆರೆ ಗಣಿತಜ್ಞನಿಗೆ ಬಹಳ ಹಿಡಿಸಿತು. ಸೂತ್ರ ಅದರ ಮೇಲೆ ಕೂದಲೆಳೆಯಷ್ಟೂ ಸರಿಯದೆ ಕೂತಿತು. ಮೇಲ್ತುದಿಗೂ ಒಂದು ತಿದ್ದುಪಡಿ ಸಿಕ್ಕಿತು. ಕೆಳತುದಿಯ ಪಕ್ಕ ‘ಪರಿಣಾಮವಿಲ್ಲ’ ಎಂದು ಬರೆದು ಬಿಟ್ಟುಬಿಟ್ಟ.

ಬಿಟ್ಟಿದ್ದಕ್ಕೆ ಕಾರಣವೂ ಇತ್ತು. ದೊಡ್ಡ ದೀಪದ ಎದುರು ಒಂದು ಪರೀಕ್ಷೆ ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ. ಮಂದ ಬೆಳಕಿನಲ್ಲಿ ಒಂದೊಂದು ಮನೆಗೂ ಗಂಟೆಗಟ್ಟಲೆ ಕಾಯಬೇಕು. ಊರೂರಲ್ಲಿ ಮದುವೆಗಳ ಕಾಲ, ಫಿಲ್ಮು ಹೆಚ್ಚು ಮಾರುವ ಕಾಲ, ಹತ್ತಿರ ಬಂದಿತ್ತು. ಕಾರ್ಖಾನೆಯವರು ಆಯಿತೇ, ಆಯಿತೇ ಎಂದು ಬೆನ್ನು ಹತ್ತಿದ್ದರು. ಅವನಿಗೂ ದಣಿವಾಗಿತ್ತು.

ಕೊನೆಗೆ ಅವನು ಒಂದು ಸುಲಭದ ನಿಯಮ ಕೊಟ್ಟ. ಬೆಳಕು ಅರ್ಧವಾದರೆ ಎರಡರಷ್ಟು ಹೊತ್ತು ಫಿಲ್ಮನ್ನು ತೆರೆದಿಡಿ. ಕಾಲುಭಾಗವಾದರೆ ನಾಲ್ಕರಷ್ಟು ಹೊತ್ತು. ಒಟ್ಟು ಬಿದ್ದ ಬೆಳಕು ಒಂದೇ, ಆದ್ದರಿಂದ ಚಿತ್ರವೂ ಒಂದೇ. ದೊಡ್ಡ ದೀಪದ ಆಸುಪಾಸಿನಲ್ಲಿ ಅವನು ಎಷ್ಟು ಸಲ ನೋಡಿದರೂ ನಿಯಮ ನಿಂತಿತು. ದೀಪದಿಂದ ದೂರ ಅವನು ಹೋಗಲಿಲ್ಲ. ನಿಯಮವನ್ನು ಒಂದು ಕೋಷ್ಟಕವಾಗಿ ಅಚ್ಚು ಹಾಕಿಸಿ, ಫಿಲ್ಮಿನ ಪ್ರತಿ ಡಬ್ಬಿಯಲ್ಲೂ ಇಟ್ಟು ಕಳಿಸಿದರು.

ಇನ್ನೊಂದು ಊರಿನಲ್ಲಿ ಒಬ್ಬ ಫೋಟೋದವನಿದ್ದ. ಅಂದಾಜಿನ ಮೇಲೆ ಫೋಟೋ ತೆಗೆದು ತೆಗೆದು ಬೇಸತ್ತಿದ್ದ ಅವನಿಗೆ ಈ ಕೋಷ್ಟಕ ವರವಾಯಿತು. ಅದನ್ನು ಸ್ಟುಡಿಯೋದ ಗೋಡೆಗೆ ಅಂಟಿಸಿಕೊಂಡ. ಅದರಂತೆ ಮದುವೆಗಳನ್ನು ತೆಗೆದ. ಎಲ್ಲವೂ ಚೆನ್ನಾಗಿ ಬಂದವು.

ಒಂದು ದಿನ ಅವನ ಹತ್ತಿರ ಒಬ್ಬ ವ್ಯಾಪಾರಿ ಬಂದ.

“ನಮ್ಮವ್ವನದೊಂದು ಫೋಟೋ ಆಗಬೇಕು. ಮನೆಯಲ್ಲಿ ಎಲ್ಲರದೂ ಇದೆ, ಅವಳದು ಒಂದೂ ಇಲ್ಲ. ಪ್ರತಿ ಮದುವೆಯಲ್ಲೂ ಫೋಟೋಗೆ ನಿಲ್ಲೋ ಹೊತ್ತಿಗೆ ಅವಳು ಒಲೆ ಮುಂದೆ ಇರ್ತಿದ್ಲು. ಈಗ ಹಾಸಿಗೆ ಹಿಡಿದಿದ್ದಾಳೆ. ಡಾಕ್ಟರು ಇನ್ನು ಸ್ವಲ್ಪ ದಿನ ಅಂದಿದ್ದಾರೆ.”

“ಅದಕ್ಕೇನು, ಬರ್ತೀನಿ. ಫ್ಲ್ಯಾಶ್ ಹಾಕಿ ಎರಡು ನಿಮಿಷದಲ್ಲಿ ತೆಗೆದು ಕೊಡ್ತೀನಿ.”

“ಅದೇ ಆಗಲ್ಲ. ಕಣ್ಣಿನ ಕಾಯಿಲೆ. ಬೆಳಕು ತಾಕಿದರೆ ಒದ್ದಾಡಿಬಿಡ್ತಾಳೆ. ಕಿಟಕಿ ಬಾಗಿಲು ಎಲ್ಲ ಮುಚ್ಚಿಟ್ಟಿದ್ದೀವಿ. ಮೇಲೊಂದು ಗವಾಕ್ಷಿ ಇದೆ, ಅಷ್ಟೇ.”

ಫೋಟೋದವನು ಹೋದ. ಗವಾಕ್ಷಿಯ ಬೆಳಕನ್ನು ಅಳೆದ, ಕೋಷ್ಟಕ ನೋಡಿದ, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಅಷ್ಟು ಹೊತ್ತು ತೆರೆದಿಟ್ಟ. ಮನೆಗೆ ಬಂದು ತೊಳೆದರೆ ಫಿಲ್ಮು ಗಾಜಿನಂತೆ ಬೋಳು. ಗವಾಕ್ಷಿ ಮಾತ್ರ ಕಪ್ಪಗೆ ಬಿದ್ದಿತ್ತು. ಮತ್ತೆ ಹೋಗಿ, ಇರಲಿ ಎಂದು ಎರಡರಷ್ಟು ಹೊತ್ತು ಇಟ್ಟ. ಆಗಲೂ ಬೋಳು. ಫಿಲ್ಮು ಕೆಟ್ಟಿರಬೇಕೆಂದು ಹೊಸ ಡಬ್ಬಿ ಒಡೆದ. ಅದರಲ್ಲೂ ತಾಯಿ ಬರಲಿಲ್ಲ. ಮೂರನೆಯ ಸಲವೂ ವ್ಯಾಪಾರಿಯ ಮುಂದೆ ಬರಿಗೈಯಲ್ಲಿ ನಿಂತ. ಫೋಟೋದವನು ಅಲ್ಲಿಂದ ಸೀದಾ ಕಾರ್ಖಾನೆಯ ಊರಿಗೆ ಬಸ್ಸು ಹತ್ತಿದ.

“ಏನು ಸ್ವಾಮಿ ನಿಮ್ಮ ಕೋಷ್ಟಕ? ನಂಬಿ ಕೆಟ್ಟೆ.”

“ಫಿಲ್ಮು ಹಳೆಯದಿರಬೇಕು,” ಎಂದ ಗಣಿತಜ್ಞ.

“ಹೊಸ ಡಬ್ಬಿ.”

“ಹಾಗಾದರೆ ತೊಳೆಯುವುದರಲ್ಲಿ ತಪ್ಪಿದ್ದೀರಿ.”

“ಅದೇ ರೀಲಿನಲ್ಲಿ ಬೀದಿಯ ಎಮ್ಮೆಯನ್ನೂ ತೆಗೆದಿದ್ದೆ. ಎಮ್ಮೆ ಕೋಡಿನ ಸಮೇತ ಬಂದಿದೆ. ಆ ತಾಯಿ ಮಾತ್ರ ಬಂದಿಲ್ಲ.”

ಗಣಿತಜ್ಞ ಗ್ರಾಫ್ ಹಾಳೆಯನ್ನು ಮೇಜಿನ ಮೇಲೆ ಹರಡಿದ. “ನೋಡಿ. ಈ ಗೆರೆ ಎಲ್ಲಾದರೂ ತಪ್ಪಿದೆಯೇ?”

ಫೋಟೋದವನು ಬಗ್ಗಿ ನೋಡಿದ. “ಗೀಟೇನೋ ಲಕ್ಷಣವಾಗಿದೆ. ಆದರೆ ಆಯಮ್ಮ ಅದರ ಮೇಲಿಲ್ಲ. ಇಗೋ, ಈ ಮೂಲೆಯಲ್ಲಿ ‘ಪರಿಣಾಮವಿಲ್ಲ’ ಅಂತ ಗೀಚಿದ್ದೀರಲ್ಲ, ಅಲ್ಲಿದ್ದಾಳೆ.”

ಗಣಿತಜ್ಞನಿಗೆ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಕುರ್ಚಿ ಎಳೆದುಕೊಂಡು ಕೂತು, ತಾನೇ ಬರೆದಿದ್ದ ಆ ಒಂದು ಪದವನ್ನು ನೋಡಿದ. ಅದನ್ನು ಯಾವ ಪರೀಕ್ಷೆಯ ಮೇಲೆ ಬರೆದೆ ಎಂದು ನೆನಪಿಸಿಕೊಳ್ಳಲು ಹೋದ. ಅಂಥ ಪರೀಕ್ಷೆ ಇರಲಿಲ್ಲ.

ಇಲ್ಲಿ ಸ್ವಾಮಿಗಳು ಒಂದು ಬತ್ತಿ ಮುಗಿಸಿ ತಟ್ಟೆಯಲ್ಲಿಟ್ಟು, ಹೊಸ ಎಳೆ ತೆಗೆದುಕೊಂಡರು. ಗುರುಮಲ್ಲು ಒಮ್ಮೆ ರಸ್ತೆಯ ಕಡೆ ನೋಡಿದ. ಬಸ್ಸಿಗೆ ಇನ್ನೂ ಹೊತ್ತಿತ್ತು. ಲೆಕ್ಕದ ಮಾತು ಅವನ ದಣಿದ ತಲೆಗೆ ಹಿತವಾಗಿತ್ತು. ಆ ನಿಯಮ ಎಲ್ಲಿ ಮುರಿಯಿತು ಎಂಬುದು ಅವನಿಗೂ ಬೇಕಾಗಿತ್ತು.

“ಆಮೇಲೆ ಬುದ್ಧಿ?”

ಗಣಿತಜ್ಞ ದೊಡ್ಡ ದೀಪ ಆರಿಸಿದ. ಸಣ್ಣ ದೀಪ ಹಚ್ಚಿ, ಅದಕ್ಕೂ ಕಾಗದ ಸುತ್ತಿ, ಹಳೆಯ ಪರೀಕ್ಷೆಗಳನ್ನು ಮೊದಲಿನಿಂದ ಶುರು ಮಾಡಿದ. ಈಗ ಒಂದೊಂದಕ್ಕೂ ಅರ್ಧ ದಿನ ಹಿಡಿಯಿತು. ಬೆನ್ನು ನೋಯಿತು, ಕಣ್ಣು ಉರಿಯಿತು. ಆದರೆ ತಪ್ಪು ಎಲ್ಲಿದೆ ಎಂದು ಕಂಡಿತು.

ಫಿಲ್ಮಿನ ಮೇಲೆ ಬೆಳ್ಳಿಯ ಲವಣದ ಹರಳುಗಳಿರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣವು. ಒಂದು ಹರಳಿಗೆ ಬೆಳಕಿನ ಒಂದು ಕಣ ತಾಕಿದರೆ ಅದು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಮರೆತುಬಿಡುತ್ತದೆ. ಮರೆಯುವ ಮೊದಲು ಇನ್ನೊಂದು ಕಣ ಬಂದರೆ ಮಾತ್ರ ಗುರುತು ಗಟ್ಟಿಯಾಗುತ್ತದೆ. ದೊಡ್ಡ ದೀಪದ ಎದುರು ಕಣಗಳು ಸಂತೆಗೆ ಬಂದ ಹಾಗೆ ಬರುತ್ತವೆ. ಮರೆಯಲು ಪುರಸೊತ್ತೇ ಇಲ್ಲ. ಮಂದ ಬೆಳಕಿನಲ್ಲಿ ಒಂದು ಬಂದು ಹೋದ ಎಷ್ಟೋ ಹೊತ್ತಿಗೆ ಇನ್ನೊಂದು. ಅಷ್ಟರಲ್ಲಿ ಮೊದಲಿನದು ಅಳಿಸಿರುತ್ತದೆ. ಆದ್ದರಿಂದ ಅರ್ಧ ಬೆಳಕಿಗೆ ಎರಡರಷ್ಟು ಹೊತ್ತು ಸಾಲದು. ಬೆಳಕು ಇಳಿದಷ್ಟೂ, ಲೆಕ್ಕದಲ್ಲಿ ಹೇಳಿದ್ದಕ್ಕಿಂತ ಹೆಚ್ಚು, ಇನ್ನೂ ಹೆಚ್ಚು ಕಾಯಬೇಕು.

ಇನ್ನೊಂದು ವಿಷಯವೂ ಕಂಡಿತು. ಚಿತ್ರ ತೆಗೆಯುವ ಮೊದಲೇ ಖಾಲಿ ಫಿಲ್ಮಿಗೆ ಒಂದೇ ಒಂದು ಕ್ಷಣ ಬೆಳಕು ತೋರಿಸಬೇಕು. ತೊಳೆದರೆ ಏನೂ ಕಾಣದಷ್ಟು ಕಡಿಮೆ. ಹಾಗೆ ತೋರಿಸಿದ ಫಿಲ್ಮು ಆಮೇಲೆ ಬಂದ ಮಂದ ಬೆಳಕನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುತ್ತಿರಲಿಲ್ಲ. ಗುರುತು ಬಿಡದ ಆ ಬೆಳಕು ವ್ಯರ್ಥವಾಗಿರಲಿಲ್ಲ.

ಗಣಿತಜ್ಞ ‘ಪರಿಣಾಮವಿಲ್ಲ’ ಎಂಬುದನ್ನು ಹೊಡೆದು ಹಾಕಿದ. ಆ ಜಾಗದಲ್ಲಿ ‘ಸರಿಯಾಗಿ ನೋಡಿಲ್ಲ’ ಎಂದು ಬರೆದ. ಹೊಸ ಲೆಕ್ಕ ಹಾಕಿ, ತಾನೇ ಫಿಲ್ಮು ಸಿದ್ಧಮಾಡಿಕೊಂಡು, ಫೋಟೋದವನ ಜೊತೆ ಹೊರಟ.

ವ್ಯಾಪಾರಿಯ ಮನೆಯಲ್ಲಿ ಅವರು ಕೋಣೆಯ ಬಾಗಿಲು ಮುಚ್ಚಿಕೊಂಡರು. ಬಾಗಿಲು ತೆರೆದರೆ ಬೆಳಕು ನುಗ್ಗುತ್ತದೆ, ಚಿತ್ರವೂ ಕೆಡುತ್ತದೆ, ತಾಯಿಯ ಕಣ್ಣಿಗೂ ನೋವು. ಹಾಗಾಗಿ ಒಳಗಿದ್ದವರು ಒಳಗೇ. ವ್ಯಾಪಾರಿ ಹೊರಗೆ ಕೂತ. ಫೋಟೋದವನು ಲೆನ್ಸು ತೆರೆದು, ಗೋಡೆಗೊರಗಿ, ಸ್ವಲ್ಪ ಹೊತ್ತಿಗೆಲ್ಲ ತೂಕಡಿಸತೊಡಗಿದ. ಗಣಿತಜ್ಞನಿಗೆ ಹಾಗೆ ಮಾಡುವಂತಿರಲಿಲ್ಲ. ಹೊರಗೆ ಮೋಡ ಬಂದರೆ ಗವಾಕ್ಷಿಯ ಬೆಳಕು ಇಳಿಯುತ್ತದೆ, ಆಗ ಹೊತ್ತು ಹೆಚ್ಚಿಸಬೇಕು. ಅವನು ಎಚ್ಚರವಾಗಿ ಕೂತ.

ಮೊದಲು ಅವನಿಗೆ ಕತ್ತಲೆ ಬಿಟ್ಟು ಏನೂ ಕಾಣಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಒಂದು ಹಣೆ ಕಂಡಿತು. ಆಮೇಲೆ ಮೂಗು. ಆಮೇಲೆ ಓಲೆ ತೆಗೆದ ಕಿವಿಯ ಜೋತುಬಿದ್ದ ತೂತು. ಬೆಳಕಿನ ಬಗ್ಗೆ ಅಷ್ಟೆಲ್ಲ ಲೆಕ್ಕ ಹಾಕಿದ್ದವನು ಒಂದೇ ಮುಖವನ್ನು ಅಷ್ಟು ಹೊತ್ತು ಎಂದೂ ನೋಡಿರಲಿಲ್ಲ.

“ಇನ್ನೂ ಆಗ್ಲಿಲ್ವೇನಪ್ಪ?” ಎಂದಳು ತಾಯಿ.

“ಇಲ್ಲ ಅವ್ವ. ಬೆಳಕು ಕಮ್ಮಿ ಇದೆ.”

ಆಕೆ ಸಣ್ಣಗೆ ನಕ್ಕು ಮಾತಿಗೆ ಶುರು ಮಾಡಿದಳು. ಗಣಿತಜ್ಞನಿಗೆ ಗೊತ್ತಿತ್ತು, ತುಟಿ ಅಲುಗಿದರೆ ಚಿತ್ರದಲ್ಲಿ ಬಾಯಿ ಕಲಸಿಹೋಗುತ್ತದೆ. ಸುಮ್ಮನಿರಿ ಎನ್ನಬೇಕಿತ್ತು. ಬಾಯಿಗೆ ಬಂದದ್ದನ್ನು ತಡೆದುಕೊಂಡ. ಎದುರಿಗೆ ಕೂತು ಕೇಳಿದ.

ಫಿಲ್ಮು ತೊಳೆದಾಗ ಮುಖ ಮೂಡಿತ್ತು. ಹಣೆ ಇತ್ತು, ಮೂಗು ಇತ್ತು, ಮುಚ್ಚಿದ ಕಣ್ಣುಗಳಿದ್ದವು. ಬಾಯಿಯ ಜಾಗದಲ್ಲಿ ಹೊಗೆಯಂಥ ಒಂದು ಕಲೆ. ಅದನ್ನು ಕಾಗದಕ್ಕಿಳಿಸಿ, ಒಣಗಿಸಿ, ಇಬ್ಬರೂ ತೆಗೆದುಕೊಂಡು ಹೋಗುವಷ್ಟರಲ್ಲಿ ತಾಯಿ ತೀರಿಕೊಂಡಿದ್ದಳು.

ವ್ಯಾಪಾರಿ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ.

“ನಮ್ಮವ್ವನೇ,” ಎಂದ. “ಬಾಯಿ ಯಾಕೆ ಹಿಂಗಾಗಿದೆ?”

“ಮಾತಾಡಿದರು,” ಎಂದ ಗಣಿತಜ್ಞ.

ವ್ಯಾಪಾರಿ ಫೋಟೋದಿಂದ ತಲೆ ಎತ್ತಿದ. ಅವನಿಗೆ ಈಗ ಬೇಕಾದದ್ದು ಫೋಟೋದಲ್ಲಿರಲಿಲ್ಲ.

“ಏನಂದ್ಲು?”

ಗಣಿತಜ್ಞ ಆಕೆಯ ಮಾತನ್ನೇ ಹೇಳಿದ. “ಮದುವೆಗಳಲ್ಲಿ ಮಗ ಕರೀತಿದ್ದ, ಬಾ ಅವ್ವ ಫೋಟೋಗೆ ಅಂತ. ಇರೋ, ಸಾರು ಉಕ್ಕುತ್ತೆ ಅಂತಿದ್ದೆ. ಸಾರೇನೂ ಉಕ್ತಿರಲಿಲ್ಲ. ಸೆರಗೆಲ್ಲ ಮಸಿಯಾಗಿರೋದು. ಅಷ್ಟು ಜನರ ಮುಂದೆ ಮಗನ ಪಕ್ಕ ಹಂಗೆ ಹೆಂಗೆ ನಿಲ್ಲೋದು ಅಂತ ಬರ್ತಿರಲಿಲ್ಲ. ಹೀಗಂದರು.”

ಸ್ವಾಮಿಗಳು ಕತೆ ನಿಲ್ಲಿಸಿದರು. ತಟ್ಟೆಯಲ್ಲಿ ಬತ್ತಿಗಳು ಸಾಲಾಗಿದ್ದವು.

ಗುರುಮಲ್ಲು ನಿಟ್ಟುಸಿರು ಬಿಟ್ಟ. ಕತೆ ಚೆನ್ನಾಗಿತ್ತು. ಆದರೆ ಕೊನೆಗೆ ಎಲ್ಲರೂ ಹೇಳುವುದನ್ನೇ ಬುದ್ಧಿಗಳೂ ಹೇಳಿದರು ಎನ್ನಿಸಿತು.

“ಗೊತ್ತಾಯಿತು ಬುದ್ಧಿ. ಚಿಕ್ಕತಾಯಮ್ಮನೂ ಆ ಫಿಲ್ಮಿನ ಹಾಗೆ. ಒಂದು ಮಾತು ತಾಕುತ್ತದೆ, ಅಳಿಸಿಹೋಗುತ್ತದೆ. ನಾನು ಬೇಸರಿಸದೆ ದಿನಾ ಹೇಳುತ್ತಲೇ ಇರಬೇಕು. ವ್ಯರ್ಥ ಅನ್ನಿಸಿದರೂ ಒಳಗೆಲ್ಲೋ ಸೇರುತ್ತಿರುತ್ತದೆ. ಒಂದಲ್ಲ ಒಂದು ದಿನ ನನ್ನ ಹೆಸರು ಅವರಲ್ಲಿ ಮೂಡೀತು. ಅಷ್ಟೇ ತಾನೇ?”

“ಇಲ್ಲ ಮಲ್ಲು,” ಎಂದರು ಸ್ವಾಮಿಗಳು. “ಅವರಲ್ಲಿ ಇನ್ನು ಏನೂ ಮೂಡುವುದಿಲ್ಲ. ವೈದ್ಯರೂ ಅದನ್ನೇ ಹೇಳಿದ್ದಾರೆ, ನೀನೂ ನೋಡಿದ್ದೀಯೆ. ಅದರಲ್ಲಿ ನಿನ್ನ ಲೆಕ್ಕ ತಪ್ಪಿಲ್ಲ.”

ಗುರುಮಲ್ಲು ಗೊಂದಲಗೊಂಡು ಅವರ ಮುಖ ನೋಡಿದ. ಹಾಗಿದ್ದರೆ ಹೋಗು ಎನ್ನುತ್ತಿದ್ದಾರೋ, ಇರು ಎನ್ನುತ್ತಿದ್ದಾರೋ ತಿಳಿಯಲಿಲ್ಲ. ದೂರದಲ್ಲಿ, ಕೆರೆ ಏರಿಯ ತಿರುವಿನಲ್ಲಿ, ಬಸ್ಸಿನ ಹಾರನ್ ಕೇಳಿಸಿತು.

ಸ್ವಾಮಿಗಳು ಬತ್ತಿಯ ತಟ್ಟೆಯನ್ನು ಪಕ್ಕಕ್ಕಿಟ್ಟು, ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದರು.

“ಈವತ್ತು ಬೆಳಿಗ್ಗೆ ಗಂಜಿ ಕುಡಿಯುತ್ತಾ ಚಿಕ್ಕತಾಯಮ್ಮ ಏನಂದರು?”

ಗುರುಮಲ್ಲು ಬಾಯಿ ತೆರೆದ. ನೆನಪಿಗೆ ಬಂದದ್ದು ಮಡಿಲಲ್ಲಿ ತೆರೆದಿಟ್ಟಿದ್ದ ಪುಸ್ತಕದ ಪುಟ ಮಾತ್ರ.